ಬಾಡು ಬಿಡಿಸುವ ಚೀಟಿ

ನಮ್ಮ ಹುಲಿಕೆರೆ ಕಡೆ ಗುರುತಿಲ್ಲದವರನ್ನು ಹಿಡಿದು "ನೀವು ಬಾಡು ತಿಂತೀರಾ?" ಎಂದು ನೇರವಾಗಿ ಯಾರೂ ಕೇಳುವುದಿಲ್ಲ. ತಿಳಿಯಬೇಕಾದ್ದು ಅದೇ ಆದರೂ ಸುತ್ತಿ ಬಳಸಿ ಬರುತ್ತಾರೆ. "ಯಾವೂರಾಯ್ತು?", "ಯಾರ ಮನೆಯೋರು?", "ಮನೆದೇವ್ರು ಯಾವ್ದು?" ಈ ಮೂರಕ್ಕೆ ಉತ್ತರ ಸಿಕ್ಕಿದರೆ ಸಾಕು, ಆ ಮನೆಯ ಒಲೆಯ ಮೇಲೆ ಏನು ಕುದಿಯುತ್ತದೆ ಎಂಬುದು ತಾನಾಗಿ ಗೊತ್ತಾಗುತ್ತದೆ. ಈ ದಾರಿ ಎರಡು ಕಡೆಗೂ ಸಾಗುತ್ತದೆ. ಏನು ತಿಂತೀರಿ ಎಂದು ಕೇಳಿದರೂ ಯಾವ ಜನ ಎಂದು ಕೇಳಿದ ಹಾಗೇ ಲೆಕ್ಕ. ಆದ್ದರಿಂದ ಮರ್ಯಾದಸ್ಥರು ಎರಡನ್ನೂ ಕೇಳುವುದಿಲ್ಲ, ಎರಡನ್ನೂ ತಿಳಿಯದೆ ಬಿಡುವುದೂ ಇಲ್ಲ.

ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ನನ್ನ ತಂಗಿಯ ಮಗಳಿಗೆ ಈ ವ್ಯಾಕರಣ ಬಾರದು. ಅವಳು ಹಾಲು, ಮೊಸರು, ತುಪ್ಪ, ಜೇನು ಎಲ್ಲ ಬಿಟ್ಟ ವೀಗನ್. ಬಿಡುವಾದ ಸಂಜೆ ಗೆಳೆಯರೊಂದಿಗೆ ಚರ್ಚ್ ಸ್ಟ್ರೀಟಿನಲ್ಲಿ ಲ್ಯಾಪ್‌ಟಾಪ್ ತೆರೆದು ಹಿಡಿದು ನಿಲ್ಲುತ್ತಾಳೆ. ಅದರಲ್ಲಿ ಕೋಳಿ ಫಾರಂ, ಹಂದಿ ಫಾರಂ, ಕಸಾಯಿಖಾನೆಗಳ ಚಿತ್ರ ಓಡುತ್ತಿರುತ್ತದೆ. ನಿಂತು ನೋಡಿದವರ ಹತ್ತಿರ ಮೆಲ್ಲಗೆ ಮಾತಿಗಿಳಿಯುವುದು ಇವರ ಕೆಲಸ. ಅಲ್ಲಿ ನಿಲ್ಲುವವರಾರು, ನಿಲ್ಲಿಸಿದವರಾರು ಎಂಬುದು ಯಾರಿಗೂ ಬೇಕಿಲ್ಲ. ಕೊಟ್ಟ ಚೀಟಿ ಓದುತ್ತಾರೆ, ಇಲ್ಲವೇ ಮಡಿಸಿ ಜೇಬಿಗೆ ಹಾಕಿಕೊಂಡು ಪಕ್ಕದ ಹೋಟೆಲಿಗೆ ಹೋಗಿ ಚಿಕನ್ ತಿನ್ನುತ್ತಾರೆ. ರಜೆಗೆಂದು ಊರಿಗೆ ಬಂದವಳು ಕನ್ನಡದಲ್ಲಿ ಅಚ್ಚು ಮಾಡಿಸಿದ ಚೀಟಿಗಳ ಕಟ್ಟು ತಂದಿದ್ದಳು. ಹೊರಗಿನ ಪುಟದಲ್ಲಿ ಕುರಿ, ಕೋಳಿ, ಹಂದಿ. ಕೆಳಗೆ ದೊಡ್ಡಕ್ಷರದಲ್ಲಿ, ಇವಕ್ಕೂ ನೋವಾಗುತ್ತದೆ ಎಂಬ ಮಾತು. ನಾನು ಬೆಂಗಾವಲಿಗೆ ಹೋದೆ. ಬೆಂಗಾವಲು ಎಂದರೆ, ಮಾವ ಇಲ್ಲಿನವನೇ ಎಂದು ತೋರಿಸುವುದಕ್ಕೆ.

ಹಳೇಬೀಡಿನಲ್ಲಿ ದೇವಸ್ಥಾನದ ಎದುರಿನ ರಸ್ತೆಯ ಚಹಾದಂಗಡಿಯಲ್ಲಿ ಮೊದಲ ಗಿರಾಕಿ ಸಿಕ್ಕಿದ. ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ, ಕೊನೆಯ ಸಾಲಿನ ಪ್ರೆಸ್ಸಿನ ಹೆಸರನ್ನೂ ಬಿಡದೆ ಓದಿ, ಕೇಳಿದ: "ಯಾವ ಮಠದೋರು ಅಚ್ಚಾಕ್ಸಿದ್ದು?"

ಮಠ ಗಿಠ ಏನಿಲ್ಲ, ನಾವೇ ಕೆಲವರು ಸೇರಿ ದುಡ್ಡು ಹಾಕಿದ್ದು ಅಂದಳು.

"ಹಂಗಾದ್ರೆ ಎಲೆಕ್ಷನ್ಗಾ?"

ಅದೂ ಅಲ್ಲ ಎಂದಾಗ ಅವನಿಗೆ ನಿಜವಾಗಿ ಗಾಬರಿಯಾಯಿತು. ಮಠವೂ ಇಲ್ಲದೆ ಓಟೂ ಇಲ್ಲದೆ ಒಬ್ಬಳು ಹುಡುಗಿ ಬಿಸಿಲಲ್ಲಿ ನಿಂತು ಬಾಡು ಬಿಡಿ ಅನ್ನುತ್ತಾಳೆಂದರೆ ಒಳಗೆ ಏನೋ ಇರಲೇಬೇಕು. ನನ್ನ ಮುಖ ನೋಡಿದ. ಗುರುತು ಹತ್ತಿತು. "ಓ, ಇವ್ರ ಮನೆಯೋರಾ? ಇವ್ರು ತಿನ್ನಲ್ಲ ಬುಡಿ," ಎಂದು ನಿರಾಳವಾಗಿ ಚೀಟಿಯನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಗ್ಲಾಸು ಇಟ್ಟ. ತಿನ್ನದ ಜನ ತಿನ್ನಬೇಡಿ ಅನ್ನುತ್ತಾರೆ, ಇದರಲ್ಲಿ ಓದುವುದೇನಿದೆ! ನನ್ನ ಸೋದರಸೊಸೆ ಗೆಳೆಯರೊಂದಿಗೆ ಚರ್ಚಿಸಿ ಸಿದ್ಧಪಡಿಸಿದ ನೀತಿಶಾಸ್ತ್ರ ನನ್ನ ಮುಖದಿಂದಾಗಿ ಅಲ್ಲಿಗೆ ಮುಗಿಯಿತು.

ಆ ಮನುಷ್ಯನನ್ನು ದೂರಲಾರೆ. 2014ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸಸ್ಯಾಹಾರಿಗಳು 100ಕ್ಕೆ ಸುಮಾರು 21. ಉಳಿದ 79 ಮಂದಿಯನ್ನು ಕಂಡು ಈ 21 ಮಂದಿ ಶತಮಾನಗಳಿಂದ ಮೂಗು ಮುರಿಯುತ್ತಲೇ ಬಂದಿದ್ದಾರೆ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆದಾಗ ಏನಾಯಿತು ಎಂದು ನೆನಪಿರಬಹುದು. ಮದ್ಯ, ತಂಬಾಕಿನ ಸಾಲಿನಲ್ಲಿ ಮಾಂಸಾಹಾರವನ್ನೂ ಸೇರಿಸಿ ನಿಷೇಧದ ಸೂಚನೆ ಹೊರಬಿತ್ತು. ಹೊಸತೊಡಕಿನ ದಿನ ಗುಡ್ಡೆಬಾಡಿಗೆ ಕೋಳಿ ಕೂಗುವ ಮೊದಲೇ ಸಾಲು ನಿಲ್ಲುವ ಸೀಮೆ ಅದು. ಜನ ಕೆರಳಿದರು, ಬಾಡೇ ನಮ್ಮ ಗಾಡು ಎಂಬ ಘೋಷಣೆ ಎದ್ದಿತು, ಬಾಡೂಟ ಬೇಕೆಂಬ ಹೋರಾಟವೇ ನಡೆಯಿತು. ಅಲ್ಲಿ ಕುರಿಯ ಪರವಾಗಿ ಮಾತಾಡಲು ಒಬ್ಬನಾದರೂ ಎದ್ದು ನಿಂತಿದ್ದರೆ ಅವನನ್ನು ಕುರಿಯ ಪರ ಎಂದು ಯಾರೂ ಎಣಿಸುತ್ತಿರಲಿಲ್ಲ. ಕುರಿಯ ಮಾತು ನಮ್ಮಲ್ಲಿ ಕುರಿಯನ್ನು ತಲುಪುವ ಮೊದಲು ಮನುಷ್ಯರ ಪಂಕ್ತಿಭೇದದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ನನಗೆ ಮಾಂಸ ಬಿಟ್ಟ ಪುಣ್ಯವೂ ಇಲ್ಲ. ತಿಂದಿದ್ದರೆ ತಾನೆ ಬಿಡುವುದು! ನನ್ನ ಸಸ್ಯಾಹಾರ ನನ್ನ ಮೂಗಿನ ಹಾಗೆ ತಂದೆತಾಯಿಯಿಂದ ಬಂದದ್ದು. ಗಾಂಧಿಯವರ ಕಥೆ ಈ ವಿಷಯದಲ್ಲಿ ನನಗೆ ಇಷ್ಟ. ಲಂಡನ್ನಿಗೆ ಹೋದ ಹುಡುಗ ತಾಯಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಮಾಂಸ ಮುಟ್ಟದೆ, ಬೇಯಿಸಿದ ಸಪ್ಪೆ ತರಕಾರಿ ತಿಂದು ಹಸಿದುಕೊಂಡು ಬೀದಿ ಅಲೆದ. ಫ್ಯಾರಿಂಗ್ಡನ್ ಸ್ಟ್ರೀಟಿನಲ್ಲಿ ಒಂದು ಸಸ್ಯಾಹಾರಿ ಹೋಟೆಲು ಕಣ್ಣಿಗೆ ಬಿತ್ತು. ಅದರ ಬಾಗಿಲಲ್ಲಿ ಹೆನ್ರಿ ಸಾಲ್ಟ್ ಬರೆದ ಸಸ್ಯಾಹಾರದ ಪುಸ್ತಕವನ್ನು ಒಂದು ಷಿಲಿಂಗಿಗೆ ಕೊಂಡು, ಓದಿ, ಅಂದಿನಿಂದ ತನ್ನ ಇಚ್ಛೆಯಿಂದಲೇ ಸಸ್ಯಾಹಾರಿಯಾದೆ ಎಂದು ಅವರೇ ಬರೆದಿದ್ದಾರೆ. ಆ ಷಿಲಿಂಗು ನಾನು ಯಾವತ್ತೂ ಖರ್ಚು ಮಾಡಿದವನಲ್ಲ. ನನ್ನ ಸೊಸೆ ಮಾಡಿದ್ದಾಳೆ. ಆದರೆ ಹಳೇಬೀಡಿನ ಚಹಾದಂಗಡಿಯಲ್ಲಿ ನಮ್ಮಿಬ್ಬರ ಬೆಲೆ ಒಂದೇ.

ಮಾರನೆಯ ದಿನ ಪುಷ್ಪಗಿರಿಯ ಕಡೆ ಹೋಗುವಾಗ ಕೊಯ್ಲಾದ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿಕೊಂಡಿದ್ದ ಮುದುಕ ಸಿಕ್ಕಿದ. ಗೊಬ್ಬರಕ್ಕಾಗಿ ರೈತರು ಹೀಗೆ ರಾತ್ರಿ ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುವುದುಂಟು, ಕುರಿಯವನಿಗೆ ಅದಕ್ಕೆ ಕಾಳೋ ಕಾಸೋ ಸಿಗುತ್ತದೆ. ಅವನ ಕಂಬಳಿಯ ಮಡಿಕೆಯಿಂದ ಹುಟ್ಟಿ ಒಂದು ದಿನವೂ ಆಗದ ಮರಿ ಕತ್ತು ಚಾಚಿತ್ತು. ಚೀಟಿ ಕೊಟ್ಟಾಗ, ನಂಗೆ ಓದಕ್ಕೆ ಬರಲ್ಲ, ನೀನೇ ಓದವ್ವ ಅಂದ. ಅವಳು ಓದಿದಳು, ಇವಕ್ಕೂ ನೋವಾಗುತ್ತದೆ.

"ಇದ ಅಚ್ಚಾಕ್ಸಿ ಹೇಳ್ಬೇಕಾ ಅವ್ವ?" ಅಂದ ಮುದುಕ. ಕುಹಕವಿರಲಿಲ್ಲ. ನಿಜಕ್ಕೂ ತಿಳಿಯದೆ ಕೇಳಿದ. ಈ ಮರಿಯ ತಾಯಿ ಹೆತ್ತು ಸತ್ತಿತು, ಆ ಮೂಲೆಯ ಕುಂಟಿಯ ಹಾಲು ಕುಡಿಸುತ್ತಿದ್ದೇನೆ, ಕುಂಟಿ ಮೊದಲು ಒದ್ದಳು, ಈಗ ಒಪ್ಪಿಕೊಂಡಿದ್ದಾಳೆ, ಹೀಗೆ ಒಂದೊಂದರ ವಂಶಾವಳಿ ಬಿಚ್ಚಿದ. ನಮ್ಮ ಊರಿನ ಎಷ್ಟೋ ಮನೆಗಳಲ್ಲಿ ಸೊಸೆಯಂದಿರ ವಿಷಯಕ್ಕೂ ಇಷ್ಟು ಗಮನ ಸಂದದ್ದನ್ನು ನಾನು ಕಂಡಿಲ್ಲ.

ಹಾಗಿದ್ದೂ ಕಡೀತೀರಲ್ಲ ಅಜ್ಜ ಎಂದು ಇವಳು ಬಿಡಲಿಲ್ಲ.

"ಕಡೀತೀವಿ. ಮೈ ಒದರಿದ್ ಮೇಲೇ ಕಡಿಯಾದು."

ಹರಕೆಯ ಮರಿಯ ಮೈಮೇಲೆ ತೀರ್ಥ ಚಿಮುಕಿಸುತ್ತಾರೆ. ಅದು ಮೈ ಜಾಡಿಸಿ ಒದರಿದರೆ ದೇವರೂ ಒಪ್ಪಿದ, ಮರಿಯೂ ಒಪ್ಪಿತು ಎಂದು ಅರ್ಥ. ಹಳೆಯ ಗ್ರೀಕರೂ ಬಲಿಯ ತಲೆಗೆ ನೀರು ಚಿಮುಕಿಸಿ ಅದು ತಲೆಯಾಡಿಸುವುದನ್ನು ಕಾಯುತ್ತಿದ್ದರೆಂದು ಓದಿದ್ದೇನೆ. ಸಮುದ್ರದಾಚೆಯೂ ಮನುಷ್ಯನಿಗೆ ಒಪ್ಪಿಗೆಯ ರಸೀದಿ ಬೇಕಾಗಿತ್ತು. ತಣ್ಣೀರು ಹಾಕಿದರೆ ಯಾವ ಪ್ರಾಣಿ ಒದರುವುದಿಲ್ಲ, ಇದೊಂದು ಒಪ್ಪಿಗೆಯೇ ಎಂದು ಸೊಸೆ ಸಿಡುಕಿದಳು.

"ಒದರ್ದೇ ನಿಂತಿದ್ದೂ ನೋಡಿವ್ನಿ. ಬೆಳಗಾನ ಕಾದಿವ್ನಿ. ಮನೆಯೋರೆಲ್ಲ ತಪ್ಪಾಯ್ತು ಅಂತ ಅಡ್ಡಬಿದ್ರು. ಏನು ತಪ್ಪು ಅಂತ ಯಾರಿಗ್ಗೊತ್ತು, ಬಿದ್ರು." ಅವನು ಮರಿಯನ್ನು ಕಂಬಳಿಯೊಳಕ್ಕೆ ತಳ್ಳಿದ. "ನಿಮ್ ಕೋಳಿ ಅಂಗ್ಡೀಲಿ ಯಾರ್ ಕಾಯ್ತಾರೆ?"

ಈ ಕೊನೆಯ ಪ್ರಶ್ನೆಗೆ ಅವಳ ಚೀಟಿಯಲ್ಲೂ ಉತ್ತರವಿರಲಿಲ್ಲ, ನನ್ನಲ್ಲೂ ಇರಲಿಲ್ಲ. ನಿಮ್ಮ ಕೋಳಿ ಅಂಗಡಿ ಅಂದನಲ್ಲ, ಅದು ನಮ್ಮದಲ್ಲ ಅಜ್ಜ ಎನ್ನಲು ಬಾಯಿ ತೆರೆದೆ. ಪೇಟೆಯದ್ದೆಲ್ಲ ಅವನ ಲೆಕ್ಕದಲ್ಲಿ ನಮ್ಮದೇ ಎಂದು ಹೊಳೆದು ಸುಮ್ಮನಾದೆ.

ಹರಕೆಯ ಮಾತು ಅಲ್ಲಿಗೇ ಮುಗಿಯಲಿಲ್ಲ. ನಮ್ಮೂರಿನಲ್ಲೇ ಒಬ್ಬ ಹೆಣ್ಣುಮಗಳು ಮಗನ ಕಾಯಿಲೆ ವಾಸಿಯಾದರೆ ಮಾರಮ್ಮನಿಗೆ ಮರಿ ಎಂದು ಹೇಳಿಕೊಂಡಿದ್ದಳು. ಮಗ ಎದ್ದು ಓಡಾಡುತ್ತಿದ್ದ. ಟಗರು ಜಗಲಿಗೆ ಕಟ್ಟಿಸಿಕೊಂಡು ಹಲಸಿನ ಸೊಪ್ಪು ಮೇಯುತ್ತಿತ್ತು. 1959ರ ಪ್ರಾಣಿಬಲಿ ತಡೆ ಕಾಯ್ದೆಯ ಪ್ರಕಾರ ದೇವಸ್ಥಾನದ ಆವರಣದಲ್ಲಿ ಬಲಿ ಕೊಡುವಂತಿಲ್ಲ. ಅದು ಅವಳಿಗೂ ಗೊತ್ತು, ದೇವಿಗೂ ಗೊತ್ತಿರಬೇಕು, ಆದ್ದರಿಂದ ದೇವಿಗೆ ಪೂಜೆ ಗುಡಿಯಲ್ಲಿ, ಮರಿಗೆ ಕತ್ತಿ ತೋಟದಲ್ಲಿ ಎಂದು ಗೊತ್ತಾಗಿತ್ತು. ವಿಶ್ವ ಪ್ರಾಣಿ ಕಲ್ಯಾಣ ಮಂಡಳಿಯ ದಯಾನಂದ ಸ್ವಾಮೀಜಿಯಂಥವರು ವರ್ಷಗಳಿಂದ ಜಾತ್ರೆ ಜಾತ್ರೆ ಸುತ್ತಿ ಬಲಿ ಬೇಡವೆಂದು ಸಾರುತ್ತಿದ್ದಾರೆ. ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರು ಜಾತ್ರೆಯಲ್ಲಿ ಜಿಲ್ಲಾಡಳಿತ ಪೊಲೀಸರನ್ನೇ ನಿಲ್ಲಿಸುತ್ತದೆ. ಅಲ್ಲಿನ ಒಕ್ಕಲುಗಳು, ನಾವು ಬಲಿ ಕೊಡುತ್ತಿಲ್ಲ, ಎಲ್ಲ ಜಾತಿಯವರೂ ಕೂತು ಸಿದ್ದಪ್ಪಾಜಿಯ ಪಂಕ್ತಿಯಲ್ಲಿ ಉಣ್ಣುತ್ತಿದ್ದೇವೆ ಎಂದು ವಾದಿಸುತ್ತಾರೆ. ಎಲ್ಲ ಜಾತಿಯವರೂ ಒಂದೇ ಸಾಲಿನಲ್ಲಿ ಕೂತು ಉಣ್ಣುವ ಊಟವನ್ನು ಪೊಲೀಸರು ತಡೆದರೆ ಆ ಗಳಿಗೆಯಲ್ಲಿ ನಾನು ಯಾರ ಪರ? ಇದಕ್ಕೆ ಥಟ್ಟನೆ ಉತ್ತರ ಕೊಡಬಲ್ಲವರ ಬಗ್ಗೆ ನನಗೆ ಅನುಮಾನ.

ನನ್ನ ಸೊಸೆ ಆ ಹೆಣ್ಣುಮಗಳಿಗೆ ಒಂದು ರಾಜಿಸೂತ್ರ ಹೇಳಿದಳು. ಮರಿಯ ಬದಲು ಬೂದುಗುಂಬಳ ಕಡಿಯಬಹುದಲ್ಲ? ಪೇಟೆಯಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ.

"ಕೊಡ್ತೀನಿ ಅಂದಿದ್ದು ಮರಿ. ಕುಂಬ್ಳಕಾಯಿ ಕೊಟ್ರೆ ಆಯಮ್ಮ ಮಗಂಗೆ ಅರ್ಧ ಜ್ವರ ವಾಪಸ್ ಕೊಡಲ್ವ?" ಎಂದು ನಕ್ಕಳು. ಆಮೇಲೆ ನಗು ಬಿಟ್ಟು, "ಅಲ್ಲ ಕಣವ್ವ, ನೀವು ಕುಂಬ್ಳಕಾಯಿಗೆ ಕುಂಕುಮ ತುಂಬಿ, ಕೆಂಪಗೆ ಸುರಿಯಂಗೆ ಮಾಡಿ ಕಡೀತೀರಲ್ಲ, ಅದು ಯಾಕೆ?" ಅಂದಳು.

ಇದನ್ನು ಅವಳು ಜನ್ನನಿಂದ ಕಲಿತದ್ದಲ್ಲ. ಜನ್ನನ ಹೆಸರನ್ನೇ ಅವಳು ಕೇಳಿರಲಾರಳು. ಆದರೆ ಹುಲಿಕೆರೆಯಿಂದ ಸೈಕಲ್ ತುಳಿದು ತಲುಪಬಹುದಾದ ದೋರಸಮುದ್ರದ, ಅಂದರೆ ಈಗಿನ ಹಳೇಬೀಡಿನ, ಅರಸು ವೀರಬಲ್ಲಾಳನ ಆಸ್ಥಾನಕವಿ ಜನ್ನ 1209ರಲ್ಲಿ 'ಯಶೋಧರ ಚರಿತೆ'ಯಲ್ಲಿ ಕೇಳಿದ್ದು ಇದನ್ನೇ. ಹೆಂಡತಿ ಅಮೃತಮತಿ ಮಾವುತನಿಗೆ ಒಲಿದದ್ದನ್ನು ಕಂಡು ನೊಂದ ಯಶೋಧರ ತಾಯಿಯ ಮುಂದೆ ಅದನ್ನು ಕೆಟ್ಟ ಕನಸೆಂದು ಹೇಳುತ್ತಾನೆ. ಶಾಂತಿಗೆ ಪ್ರಾಣಿಬಲಿ ಕೊಡು ಎನ್ನುತ್ತಾಳೆ ತಾಯಿ. ಇವನು ಒಲ್ಲೆನೆನ್ನುತ್ತಾನೆ. ಕೊನೆಗೆ ಇಬ್ಬರೂ ಹಿಟ್ಟಿನ ಕೋಳಿಗೆ ರಾಜಿಯಾಗುತ್ತಾರೆ. ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗುತ್ತದೆ. ಕೊಲ್ಲುವೆನೆಂಬ ಸಂಕಲ್ಪ ಒಂದೇ ಸಾಕಾಗಿ ತಾಯಿ ಮಗ ನವಿಲು, ನಾಯಿ, ಮೀನು, ಆಡು, ಕೊನೆಗೆ ಕೋಳಿಯಾಗಿ ಜನ್ಮ ಜನ್ಮ ಅಲೆಯುತ್ತಾರೆ. ಇದೇ ಕಥೆಯನ್ನು ಗಿರೀಶ ಕಾರ್ನಾಡರು 1980ರಲ್ಲಿ 'ಹಿಟ್ಟಿನ ಹುಂಜ' ನಾಟಕವಾಗಿಸಿದರು. ಜನ್ನನ ತಕ್ಕಡಿಗೆ ಹಾಕಿದರೆ ಆಯುಧಪೂಜೆಯ ದಿನ ಸ್ಕೂಟರಿನ ಮುಂದೆ ಕುಂಬಳಕಾಯಿ ಹೋಳು ಮಾಡುವ ನಾನು ಆ ಹೆಣ್ಣುಮಗಳಿಗಿಂತ ಹಗುರವೇನಲ್ಲ. ಅವಳು ಕೊಟ್ಟ ಮಾತಿಗೆ ಮರಿ ತೆರುತ್ತಾಳೆ, ನಾನು ಮಾತನ್ನೂ ಕೊಡದೆ ರಕ್ತದ ಬಣ್ಣ ಮಾತ್ರ ಇಟ್ಟುಕೊಂಡಿದ್ದೇನೆ.

ಹೊಯ್ಸಳರ ಸೀಮೆಯಲ್ಲಿ ಅಹಿಂಸೆಯ ಇತಿಹಾಸ ಹೀಗೇ ಗೋಜಲು. ಬೇಲೂರಿನ ಚೆನ್ನಕೇಶವನ ಬಾಗಿಲ ಇಕ್ಕೆಲದಲ್ಲಿ ಸಳ ಮೃಗವನ್ನು ಇರಿಯುತ್ತಿದ್ದಾನೆ. ಹೊಡೆಯೆಂದು ಅವನಿಗೆ ಅಪ್ಪಣೆ ಕೊಟ್ಟವರು ಸುದತ್ತರೆಂಬ ಜೈನ ಮುನಿಗಳೆಂದು ಐತಿಹ್ಯ. ಹಳೇಬೀಡಿನಲ್ಲಿ ವೀರಬಲ್ಲಾಳ ತೀರಿದಾಗ ತಮ್ಮ ತಲೆಯನ್ನೇ ಅರಿದು ಕೊಟ್ಟ ಗರುಡರೆಂಬ ಅಂಗರಕ್ಷಕರ ಕಂಬವಿದೆ, ಕಂಬದ ಮೇಲೆ ಕತ್ತು ಕೊಯ್ದುಕೊಳ್ಳುವ ಬೊಂಬೆಗಳಿವೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಪಾರ್ಶ್ವನಾಥ ಬಸದಿ. ಪ್ರವಾಸಿಗರು ಎಲ್ಲದರ ಮುಂದೆಯೂ ಒಂದೇ ರೀತಿ ನಗುತ್ತ ಫೋಟೊ ತೆಗೆಸಿಕೊಳ್ಳುತ್ತಾರೆ.

ಶಾಲೆ ಬಿಟ್ಟ ಹೊತ್ತಿಗೆ ಹುಡುಗಿಯೊಬ್ಬಳು ತಾನಾಗಿ ಬಂದು ಚೀಟಿ ಕೇಳಿದಳು. "ಅಕ್ಕ, ಮೊಟ್ಟೇನೂ ಬಿಡ್ಬೇಕಾ? ನಮ್ ಸ್ಕೂಲಲ್ಲಿ ಈಗ ದಿನಾ ಕೊಡ್ತಾರೆ." ವಾರಕ್ಕೆ 2 ದಿನ ಸರ್ಕಾರದ ಮೊಟ್ಟೆ. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ಉಳಿದ 4 ದಿನವೂ. ಸೊಸೆ ಆ ಹುಡುಗಿಯ ತೆಳ್ಳನೆಯ ತೋಳು ನೋಡಿದಳು. ಚೀಟಿ ಚೀಲದೊಳಗೇ ಉಳಿಯಿತು. "ನೀನು ತಿನ್ನು" ಅಂದಳು. ಅವಳ ಸಿದ್ಧಾಂತಕ್ಕೆ ಇದು ಹೇಗೆ ಹೊಂದುತ್ತದೋ ನಾನು ಕೇಳಲಿಲ್ಲ, ಅವಳಂತೂ ಹೇಳಲಿಲ್ಲ. ಆವತ್ತು ಅವಳ ಮೇಲೆ ನನಗಿದ್ದ ಗೌರವ ಒಂದು ಗೇಣು ಹೆಚ್ಚಿತು.

ಚೀಟಿಗೆ ನಿಜವಾದ ಗಿರಾಕಿ ಸಿಕ್ಕಿದ್ದು ಅರಸೀಕೆರೆಯಲ್ಲಿ. ಟಿವಿಎಸ್ ಮೊಪೆಡ್ಡಿನ ಎರಡೂ ಕಡೆ ಫಾರಂ ಕೋಳಿಗಳನ್ನು ಕಾಲು ಕಟ್ಟಿ ತಲೆಕೆಳಗಾಗಿ ತೂಗುಬಿಟ್ಟುಕೊಂಡು ಹುಡುಗನೊಬ್ಬ ಹೋಟೆಲಿನ ಮುಂದೆ ನಿಲ್ಲಿಸಿದ. ಕೆಳಗಿನ ಸಾಲಿನ ಕೋಳಿಗಳ ಕೊಕ್ಕು ನೆಲದಿಂದ ಗೇಣುದ್ದ ಮೇಲಿತ್ತು. ಸೊಸೆ ಏನಾದರೂ ಹೇಳುವ ಮೊದಲೇ ಬಾಡೂಟದ ಹೋಟೆಲಿನ ಯಜಮಾನ ಗದರಿದ. "ಲೇ, ಕೊಯ್ಯೋದು ಹೆಂಗೂ ಕೊಯ್ತೀವಿ, ಅಲ್ಲೀಗಂಟ ನೆಟ್ಟಗೆ ತರಕ್ಕೇನೋ ನಿಂಗೆ?" ಅಲ್ಲಿ ಕೂತು ಮುದ್ದೆ ಮುರಿಯುತ್ತಿದ್ದವರೆಲ್ಲ ತಲೆಯಾಡಿಸಿದರು. ಪಾಪ ಅಂದರು. ಯಾರೂ ಸೊಸೆಯ ಮನೆದೇವರನ್ನು ವಿಚಾರಿಸಲಿಲ್ಲ.

ಇದಕ್ಕೆ ಕಾನೂನಿದೆ ಎಂದು ಅವಳು ಶುರುಮಾಡಿದಳು. ಇದೆ. ರುಕ್ಮಿಣೀದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಹಟ ಹಿಡಿದದ್ದರ ಫಲವಾಗಿ 1960ರಲ್ಲಿ ಬಂದ ಪ್ರಾಣಿಹಿಂಸೆ ತಡೆ ಕಾಯ್ದೆ. ನೋವಾಗುವಂತೆ ಪ್ರಾಣಿಯನ್ನು ಸಾಗಿಸುವುದು ಅದರಲ್ಲಿ ಅಪರಾಧ. ಆ ಕಾಯ್ದೆ ಗೊತ್ತುಮಾಡಿದ ಮೊದಲ ತಪ್ಪಿನ ದಂಡ 10ರಿಂದ 50 ರೂಪಾಯಿ. ಹುಡುಗನಿಗೆ ನಗು ಬಂತು, ಒಂದು ಕೋಳಿಗೂ ಸಾಲದ ದುಡ್ಡು. ಆದರೆ ಎಲ್ಲ ಕಡೆ ಬಿಸಾಡಿಸಿಕೊಂಡ ಚೀಟಿಯನ್ನು ಅವನು ಎರಡೆರಡು ಕೇಳಿ ಪಡೆದ. "ಓನರ್‌ಗೆ ತೋರಿಸ್ತೀನಕ್ಕ. ಕ್ರೇಟ್ ಕೊಡ್ಸು ಅಂತ ನಾನೂ ಕೇಳ್ತಾನೇ ಅವ್ನಿ. ಇವು ಬಡ್ಕೊಂಡು ಬಡ್ಕೊಂಡು ನನ್ ಕಾಲೆಲ್ಲ ಗಾಯ." ಕೋಳಿಯ ನೋವೂ ಅವನ ನೋವೂ ಒಂದೇ ಮೊಪೆಡ್ಡಿನ ಮೇಲೆ ಪ್ರಯಾಣ ಮಾಡುತ್ತಿದ್ದವು. ಮಾಂಸ ಬಿಡಿಸುವ ಚೀಟಿ ಅದನ್ನು ಮಾರುವವನ ಅಹವಾಲಾಯಿತಲ್ಲ ಎಂದು ಸೊಸೆ ಬಸ್ಸಿನಲ್ಲಿ ಗೊಣಗಿದಳು. ಗೊಣಗಿದರೂ ಆ ಹುಡುಗನ ನಂಬರ್ ಬರೆದುಕೊಂಡಿದ್ದಳು.

ಕಟ್ಟಿನಲ್ಲಿ ಉಳಿದ ಚೀಟಿಗಳನ್ನು ಸಂಜೆ ಹುಲಿಕೆರೆಯ ಹಾಲಿನ ಡೇರಿಯ ಮುಂದೆ ಹಂಚೋಣ ಎಂದಾಗ ನಾನು ಬೇಡವೆಂದೆ. ಚೀಟಿಯ ಕೊನೆಯ ಪುಟದಲ್ಲಿ ಹಾಲಿನ ಮಾತಿತ್ತು. ಹೆತ್ತ ಕರುವಿನಿಂದ ಹಸುವನ್ನು ಅಗಲಿಸುವುದು, ಗಂಡುಕರುವಿನ ಗತಿ. ಈ ಊರಿನಲ್ಲಿ ಅಡಿಕೆ ಕೈಕೊಟ್ಟರೂ ತೆಂಗಿಗೆ ನುಸಿ ಬಿದ್ದರೂ ಹದಿನೈದು ದಿನಕ್ಕೊಮ್ಮೆ ಬರುವ ಹಾಲಿನ ಬಟವಾಡೆ ತಪ್ಪುವುದಿಲ್ಲ, ಶಾಲೆ ಫೀಸು, ಸಂಘದ ಕಂತು ಎಲ್ಲ ಅದರಲ್ಲೇ. ಆ ಡೇರಿಯ ಮುಂದೆ ಹಾಲು ಬಿಡಿ ಎಂಬ ಚೀಟಿಯೇ?

ಅವಳು ಹಂಚಿಯೇ ಬಿಟ್ಟಳು. ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದ ಹೆಂಗಸೊಬ್ಬಳು ಕುರಿ ಕೋಳಿಗಳ ಪುಟ ಹಾರಿಸಿ ನೇರ ಕೊನೆಯ ಪುಟಕ್ಕೆ ಹೋದಳು. ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದಳು. ನಾನು ಜಗಳಕ್ಕೆ ಸಿದ್ಧನಾದೆ.

"ಬರ್ದಿರಾದು ಸುಳ್ಳಲ್ಲ," ಅಂದಳು.

ಸಾಲು ತುಟಿ ಬಿಚ್ಚಿತು. ಸೀಮೆಹಸು ಗಂಡು ಹಾಕಿದರೆ ಮನೆಯಲ್ಲಿ ಸೂತಕದ ಮುಖ. ಉಳುಮೆಗೆ ಟಿಲ್ಲರ್ ಬಂದಿದೆ, ಡುಬ್ಬವಿಲ್ಲದ ಸೀಮೆಹೋರಿ ನೊಗಕ್ಕೂ ಸರಿಬಾರದು. 2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ಮುಂಚಿನ ಹಾಗೆ ಮಾರುವಂತಿಲ್ಲ, ಆ ಕಾಯ್ದೆಯಲ್ಲಿ ಕಡಿಯಲು ಅವಕಾಶವಿರುವುದು 13 ವರ್ಷ ದಾಟಿದ ಎಮ್ಮೆ ಕೋಣಗಳಿಗೆ ಮಾತ್ರ. ಹಾಗಾದರೆ ಏನು ಮಾಡುತ್ತಾರೆ? ಒಬ್ಬ ನೆಲ ನೋಡಿದ. ಮತ್ತೊಬ್ಬ, ಹಾಲು ಬಿಡಲ್ಲ ಅಷ್ಟೇ, ನಾಕು ದಿನಕ್ಕೆ ಅದೇ ಹೋಯ್ತದೆ ಅಂದ. ಇನ್ನೊಬ್ಬ ರಾತ್ರಿ ಹೊತ್ತು ದೂರದ ದೇವಸ್ಥಾನದ ಹತ್ತಿರ ಬಿಟ್ಟು ಬರುವವರ ಮಾತೆತ್ತಿದ, ಬೇರೆ ಊರಿನವರು ಎಂದು ಸೇರಿಸಿದ. ಅರಸೀಕೆರೆ ಕಡೂರಿನ ಕಾವಲುಗಳಲ್ಲಿ ಅಮೃತಮಹಲ್ ಮಂದೆ ನೋಡಿದ್ದ ಹಿರಿಯರೊಬ್ಬರು ಹಿಂದಿನದನ್ನು ತೆಗೆದರು. ಮೈಸೂರು ಅರಸರ ಬೆಣ್ಣೆಚಾವಡಿಯನ್ನು ಟಿಪ್ಪು ಅಮೃತಮಹಲ್ ಎಂದು ಕರೆದ, ಆದರೆ ಆ ತಳಿಯ ಹೆಸರು ನಿಂತದ್ದು ಬೆಣ್ಣೆಯಿಂದಲ್ಲ, ತೋಪಿನ ಬಂಡಿ ಎಳೆಯುವ ಎತ್ತಿನಿಂದ. ಆ ಕಾಲಕ್ಕೆ ಗಂಡುಕರು ಹುಟ್ಟಿದರೆ ಹಬ್ಬ. ಈಗ ಹೆಣ್ಣುಕರುವೇ ಹುಟ್ಟುವ ಇಂಜೆಕ್ಷನ್ ಬಂದಿದೆ, 100ಕ್ಕೆ 90 ಹೆಣ್ಣು ಗ್ಯಾರಂಟಿಯಂತೆ, ಡಾಕ್ಟರನ್ನು ಕೇಳಿ ಎಂದು ಯಾರೋ ಸಲಹೆ ಕೊಟ್ಟರು. ಹುಟ್ಟದ ಗಂಡುಕರುವಿಗೆ ನೋವಿಲ್ಲವಲ್ಲ, ಇದಕ್ಕೆ ನಿನ್ನ ಚೀಟಿ ಏನನ್ನುತ್ತದೆ ಎಂದು ಸೊಸೆಯನ್ನೇ ಕೇಳಿದರು. ಅವಳು ಯೋಚಿಸಿ ಹೇಳುತ್ತೇನೆ ಅಂದಳು.

ಅಲ್ಲಿ ಎಲ್ಲ ಕೇರಿಯವರೂ ಇದ್ದರು, ಬಾಡು ತಿನ್ನುವವರು, ತಿನ್ನದವರು. ಒಬ್ಬರ ಕ್ಯಾನಿನ ಹಾಲು ಇನ್ನೊಬ್ಬರ ಹಾಲಿಗೆ ಸುರಿಯುತ್ತಲೇ ಇತ್ತು. ಚೀಟಿಯ ಹಿಂದೆ ಮಠ ಯಾವುದು ಎಂದು ಇಲ್ಲಿ ಯಾರಿಗೂ ಕೇಳಬೇಕೆನಿಸಲಿಲ್ಲ. ಈ ಪುಟ ಓದುವಾಗ ತಲೆ ತಗ್ಗಿಸಬೇಕಾದವರಲ್ಲಿ ಹಾಲು ಹಾಕುವವರು ಆಮೇಲೆ ಬರುತ್ತಾರೆ. ಮೊದಲು ಬರುವವನು ಮೂರು ಹೊತ್ತೂ ಮೊಸರು ಕಲೆಸುವ ನಾನು. ನನ್ನ ಹುಟ್ಟುಸಸ್ಯಾಹಾರದ ಲೆಕ್ಕದಲ್ಲಿ ಗಂಡುಕರುವಿನ ಕಲಮೇ ಇರಲಿಲ್ಲ.

ರಾತ್ರಿ ಸೊಸೆ ಚೀಟಿಯ ಹೊಸ ಕರಡು ಬರೆದಳು. ಕುರಿ ಕೋಳಿ ಹಂದಿ ಒಳಪುಟಕ್ಕೆ ಹೋದವು, ಗಂಡುಕರು ಹೊರಪುಟಕ್ಕೆ ಬಂತು. ನೋವಾಗುತ್ತದೆ ಎಂಬ ಸಾಲನ್ನು ಕುರಿಯ ಮುದುಕನ ಮಾತು ಕೇಳಿದ ದಿನವೇ ಹೊಡೆದುಹಾಕಿದ್ದಳು. ಬೆಳಿಗ್ಗೆ ಅದರದೊಂದು ದೊಡ್ಡ ಪ್ರತಿಯನ್ನು ಗೋಡೆಗೆ ಅಂಟಿಸಬಹುದೇ ಎಂದು ಡೇರಿಯ ಕಾರ್ಯದರ್ಶಿಯನ್ನು ಕೇಳಿದಳು. ಆತ ಇಡೀ ಓದಿ, ಒಂದು ಕಾಗುಣಿತ ತಿದ್ದಿ, ಕತ್ತು ಕೆರೆದುಕೊಂಡ.

"ಡೇರಿ ಗೋಡೆಗೆ ಬೇಡ್ರವ್ವ, ಮೇಲಿನೋರು ಬಂದ್ರೆ ನಂಗೆ ಕಷ್ಟ. ಎದುರುಗಡೆ ಬಸ್ ಸ್ಟಾಪಿಗೆ ಅಂಟ್ಸಿ. ಹಾಲು ಹಾಕೋರೆಲ್ಲ ದುಡ್ಡಿಗೆ ಕಾಯ್ತಾ ಕೂರಾದು ಅಲ್ಲೇ."